ಇಪ್ಪತ್ತೈದು ನಿಮಿಷದ ಹಾರಾಟ

ನಮಸ್ಕಾರ ಕೇಳುಗರೇ. ಭೂಪಟದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನೇರ ಗೆರೆ ಎಳೆದರೆ ಸುಮಾರು 127 ಕಿಲೋಮೀಟರ್ ಆಗುತ್ತದೆ. ನಾನಿವತ್ತು ಹೇಳಹೊರಟಿರುವ ದಾರಿ ಅದಕ್ಕಿಂತಲೂ ಗಿಡ್ಡ, ಬರೀ 110 ಕಿಲೋಮೀಟರ್. ಆದರೆ ಅಲ್ಲಿ ರಸ್ತೆಯೇ ಇಲ್ಲ.

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು ಉತ್ತರ ಧ್ರುವದ ಕಡೆಗೆ ಇವೆ. ಅಲ್ಲಿನ ದೊಡ್ಡ ಊರು ಲಾಂಗಿಯರ್‌ಬಿಯನ್. ದೊಡ್ಡದು ಅಂದರೆ ಎರಡೂವರೆ ಸಾವಿರ ಜನ, ಅಷ್ಟೇ. ಅಲ್ಲಿಂದ ವಾಯವ್ಯಕ್ಕೆ, ಆ 110 ಕಿಲೋಮೀಟರ್ ದಾರಿಯ ಕೊನೆಗೆ, ನ್ಯೂ-ಓಲೆಸುಂಡ್. ಚಳಿಗಾಲದಲ್ಲಿ ಅಲ್ಲಿ ಐವತ್ತು ಮಂದಿಯೂ ಇರುವುದಿಲ್ಲ. ಮೊದಲು ಅದು ಕಲ್ಲಿದ್ದಲು ಗಣಿಯ ಊರು. 1962ರಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಸತ್ತರು. ಗಣಿ ಮುಚ್ಚಿತು, ಆಮೇಲೆ ವಿಜ್ಞಾನಿಗಳು ಬಂದರು. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರುವುದೂ ಅಲ್ಲಿಯೇ.

ಗೋಡೆಗೆ ನೇತುಹಾಕುವ ಭೂಪಟ ನೋಡಿದರೆ ಈ ಎರಡು ಊರು ಬಲು ದೂರ ಕಾಣುತ್ತವೆ. ಎರಡರ ನಡುವೆ ಮೂರೂವರೆ ಡಿಗ್ರಿಗಿಂತ ಜಾಸ್ತಿ ರೇಖಾಂಶದ ಅಂತರ. ನಮ್ಮ ಕರ್ನಾಟಕದಲ್ಲಾದರೆ ಅದು 390 ಕಿಲೋಮೀಟರ್ ಹತ್ತಿರ ಆಗುತ್ತಿತ್ತು. ಅಲ್ಲಿ ಪೂರ್ವ-ಪಶ್ಚಿಮದ ಅಂತರ ಎಂಬತ್ತೇ ಆಗುವುದು; ಉತ್ತರಕ್ಕೂ ಸರಿಯಬೇಕಲ್ಲ, ಅದಕ್ಕೇ ದಾರಿ 110. ಕಿತ್ತಳೆ ಸುಲಿದು ನೋಡಿ. ತೊಳೆಗಳು ನಡುವಿನಲ್ಲಿ ದಪ್ಪ, ತೊಟ್ಟಿನ ಹತ್ತಿರ ಚೂಪು. ರೇಖಾಂಶಗಳೂ ಹಾಗೇ ಧ್ರುವದ ಕಡೆ ಹೋದಂತೆ ಒತ್ತೊತ್ತಾಗುತ್ತವೆ.

ಈ ದಾರಿಯಲ್ಲಿ ಹಾರುತ್ತ ಬಂದಿರುವುದು ಡಾರ್ನಿಯರ್ 228, ಎರಡು ಫ್ಯಾನಿನ ಪುಟ್ಟ ವಿಮಾನ. ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಇದೇ ಮಾದರಿಯನ್ನು ತಯಾರಿಸುತ್ತದೆ. ಗಂಟೆಗೆ ಸುಮಾರು 400 ಕಿಲೋಮೀಟರ್ ವೇಗ ಅಂತ ಇಟ್ಟುಕೊಂಡರೆ 110 ಕಿಲೋಮೀಟರಿಗೆ ಹದಿನೇಳು ನಿಮಿಷ ಸಾಕು. ಆದರೆ ವಿಮಾನ ಏರಬೇಕು, ಇಳಿಯಬೇಕು, ಆಗ ಅಷ್ಟು ವೇಗ ಇರುವುದಿಲ್ಲವಲ್ಲ. ಹಾಗಾಗಿ ಇಪ್ಪತ್ತೈದು ನಿಮಿಷ ಆಗುತ್ತದೆ. ದೂರ ಕಡಿಮೆಯಾದಷ್ಟೂ ಈ ಏರಿಳಿತದ ಪಾಲೇ ಹೆಚ್ಚು.

ಇದೆಲ್ಲ ಹವೆ ಚೆನ್ನಾಗಿದ್ದರೆ. ನ್ಯೂ-ಓಲೆಸುಂಡಿನ ರನ್‌ವೇಗೆ ಡಾಂಬರಿಲ್ಲ, ಜಲ್ಲಿಯದು. ಮಂಜು ಕವಿದರೆ, ಗಾಳಿ ಎದ್ದರೆ ವಿಮಾನ ಹೊರಡುವುದೇ ಇಲ್ಲ. ಇಪ್ಪತ್ತೈದು ನಿಮಿಷದ ದಾರಿಗೆ ಎರಡು ದಿನ ಕಾಯಬೇಕಾದೀತು. ಬೇಸಿಗೆಯಲ್ಲಾದರೆ ಹಡಗಾದರೂ ಇದೆ. ಚಳಿಗಾಲದಲ್ಲಿ ಹಿಮನದಿಗಳ ಮೇಲೆ ಸ್ನೋ ಸ್ಕೂಟರ್, ಹೆಗಲಿಗೆ ಕೋವಿ. ಹಿಮಕರಡಿಗಳ ಊರು, ಅಲ್ವಾ!

ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಸಾಮಾನ್ಯವಾಗಿ ವಿಮಾನದ ಚಕ್ರ ನೆಲ ಮುಟ್ಟುತ್ತಲೇ ಎಲ್ಲರೂ ಫೋನ್ ತೆಗೆದು ಫ್ಲೈಟ್ ಮೋಡ್ ಆಫ್ ಮಾಡುತ್ತಾರೆ. ನ್ಯೂ-ಓಲೆಸುಂಡಿನಲ್ಲಿ ಹಾಗೆ ಮಾಡುವಂತಿಲ್ಲ. ವೈಫೈ ಬೇಡ, ಬ್ಲೂಟೂತ್ ಬೇಡ. ಅಲ್ಲಿನ ರೇಡಿಯೋ ದೂರದರ್ಶಕಗಳು ಕೋಟ್ಯಂತರ ಜ್ಯೋತಿರ್ವರ್ಷ ಆಚೆಯಿಂದ ಬರುವ ಕ್ಷೀಣ ಅಲೆಗಳಿಗೆ ಕಿವಿಗೊಟ್ಟು ಕೂತಿರುತ್ತವೆ. ನಮ್ಮ ಫೋನಿನ ಗದ್ದಲ ಅವಕ್ಕೆ ಆಗದು. ಇಂಟರ್ನೆಟ್ ಬೇಕೆಂದರೆ ತಂತಿ ಚುಚ್ಚಿಕೊಳ್ಳಬೇಕು.

2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹಿಮಾದ್ರಿಗೆ ಹೊರಟಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಅವರ ಕೆಲಸ ಏನು ಗೊತ್ತೇ? ಆ ಜಾಗದಲ್ಲಿ ರೇಡಿಯೋ ಗದ್ದಲ ನಿಜಕ್ಕೂ ಎಷ್ಟು ಕಡಿಮೆ ಇದೆ ಅಂತ ಅಳೆಯುವುದು. ಬೆಂಗಳೂರಿನಿಂದ ಅಷ್ಟು ದೂರ ಹೋದದ್ದು ಸದ್ದಿಲ್ಲದಿರುವುದನ್ನು ಕೇಳಲಿಕ್ಕೆ.

ಇನ್ನು ಫ್ಲೈಟ್ ಮೋಡ್ ಆಫ್ ಮಾಡಬೇಕೆಂದರೆ ಮತ್ತೆ ಇಪ್ಪತ್ತೈದು ನಿಮಿಷ ಹಾರಿ ಲಾಂಗಿಯರ್‌ಬಿಯನ್‌ಗೆ ಬರಬೇಕು. ಹವೆ ಒಪ್ಪಿದರೆ. ನಮಸ್ಕಾರ.