ಹಳೆ ಝಿಯಾನ್ ತಗೊಳ್ಳಿ, ಆದರೆ ಕರೆಂಟು ಬಿಲ್ಲು ನೋಡಿ ತಗೊಳ್ಳಿ

ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರುತ್ತೇನೆ. ಝಿಯಾನ್ ಅಂದರೆ ಸರ್ವರಿಗೂ ವರ್ಕ್‌ಸ್ಟೇಷನ್ ಅನ್ನುವ ಭಾರೀ ಕೆಲಸದ ಕಂಪ್ಯೂಟರಿಗೂ ಇಂಟೆಲ್ ಮಾಡುವ ಪ್ರೊಸೆಸರ್ ಚಿಪ್. ಕೋರ್ ಅಂದರೆ ಅದರೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ. ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ, ಎಲ್ಲ ಕಡೆಯ ಹುಡುಗರು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, 14 ಕೋರ್‌ನ ಝಿಯಾನ್ ಎರಡು ಮೂರು ಸಾವಿರಕ್ಕೆ ಸಿಗ್ತಾ ಉಂಟು. ತಗೊಳ್ಳಬಹುದಾ?"

ತಗೊಳ್ಳಬಹುದು. ನಾನಂತೂ ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ 14 ಅನ್ನುವ ಆ ಸಂಖ್ಯೆ ನೋಡಿ ತಗೊಳ್ಳಬೇಡಿ. ದಿನದ 24 ಗಂಟೆ ಉರಿಸುವ ಸರ್ವರ್ ಮಾಡುತ್ತೇನೆ ಅಂತಲೂ ತಗೊಳ್ಳಬೇಡಿ. ಕಾಸರಗೋಡಿನಲ್ಲಿ ಕೂತು ಇದನ್ನು ಮಾಡುವಾಗ ನಮ್ಮ ಲೆಕ್ಕವೇ ಬೇರೆ. ಯಾಕೆ ಅಂತ ಹೇಳುತ್ತೇನೆ.

ಎಲ್ಲರ ಬಾಯಲ್ಲಿರುವ ಆ ಚಿಪ್ಪನ್ನೇ ತಗೊಳ್ಳೋಣ. ಇಂಟೆಲ್ ಝಿಯಾನ್ ಇ5-2680 ವಿ4. 2016ರಲ್ಲಿ ಬಂದದ್ದು. 14 ಕೋರ್, 28 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ), 120 ವಾಟ್. ಬಂದಾಗ ಇಂಟೆಲ್ ಹೇಳಿದ ಬೆಲೆ 1745 ಡಾಲರ್. ದೊಡ್ಡ ಕಂಪನಿಗಳು, ಡೇಟಾ ಸೆಂಟರ್‌ಗಳು ಕೆಲವು ವರ್ಷಕ್ಕೊಮ್ಮೆ ಮೆಷಿನ್ ಬದಲಾಯಿಸುತ್ತವೆ. ಆಗ ಇಂಥ ಚಿಪ್ಪುಗಳು ರಾಶಿ ರಾಶಿಯಾಗಿ ಹೊರಗೆ ಬರುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಇಷ್ಟು ಅಗ್ಗಕ್ಕೆ ಸಿಗುವುದು ಅದಕ್ಕೇ. ಚಿಪ್ ಹಾಳಾಗಿದೆ ಅಂತ ಅಲ್ಲ.

ಈಗ ಕಹಿ ಮಾತು. 2022ರ ಐ5-12400 ಅನ್ನುವ 6 ಕೋರ್‌ನ ಸಾಮಾನ್ಯ ಚಿಪ್, ಎಲ್ಲ ಕೋರ್ ಓಡಿಸುವ ಕೆಲಸದಲ್ಲೂ ಈ 14 ಕೋರ್‌ನದಕ್ಕೆ ಸರಿಸುಮಾರು ಸಮ ಬರುತ್ತದೆ. ಒಂದೇ ಕೋರ್ ಬಳಸುವ ಕೆಲಸದಲ್ಲಿ ಇದನ್ನು ಎಷ್ಟೋ ಹಿಂದೆ ಹಾಕುತ್ತದೆ. ಫೋಟೋ ತಿದ್ದುವುದು, ಬ್ರೌಸರ್, ಹೆಚ್ಚಿನ ಆಟಗಳು, ಇವೆಲ್ಲ ಒಂದೆರಡು ಕೋರ್‌ನ ವೇಗ ಕೇಳುವ ಕೆಲಸಗಳು. ಅಲ್ಲಿ ಹಳೆ ಝಿಯಾನ್ ನಿಮಗೆ ಬೇಸರ ತರಿಸುತ್ತದೆ. ಮದುವೆ ವಿಡಿಯೋ ಎಡಿಟ್ ಮಾಡುವವರು ಇನ್ನೊಂದು ವಿಷಯ ತಿಳಿದುಕೊಳ್ಳಿ. ಈ ಇ5 ಚಿಪ್ಪುಗಳ ಒಳಗೆ ಗ್ರಾಫಿಕ್ಸ್ ಇಲ್ಲ, ವಿಡಿಯೋ ಬೇಗ ತಯಾರಿಸಿಕೊಡುವ ಕ್ವಿಕ್ ಸಿಂಕ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಚಿತ್ರವೂ ಬರುವುದಿಲ್ಲ.

ಹಾಗಾದರೆ ಯಾಕೆ ತಗೊಳ್ಳಬೇಕು? ರ‍್ಯಾಮ್‌ಗೋಸ್ಕರ. ನನ್ನ ಮಟ್ಟಿಗೆ ಅದೇ ದೊಡ್ಡ ಕಾರಣ.

ಸರ್ವರ್ ಬೋರ್ಡುಗಳು ರಿಜಿಸ್ಟರ್ಡ್ ಇಸಿಸಿ ಅನ್ನುವ ಬೇರೆ ಜಾತಿಯ ರ‍್ಯಾಮ್ ಬಳಸುತ್ತವೆ. ಅದು ಮನೆಯ ಸಾಮಾನ್ಯ ಬೋರ್ಡಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಅದನ್ನು ಕೇಳುವವರು ಕಡಿಮೆ, ಬೆಲೆಯೂ ಕಡಿಮೆ. ಈಚೆಗೆ ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ ರ‍್ಯಾಮ್ ಬೆಲೆ ಏರಿದೆ, ಹಳೆಯದಕ್ಕೂ ಬಿಸಿ ತಟ್ಟಿದೆ. ಆದ್ದರಿಂದ ಮೆಷಿನ್ ತಗೊಳ್ಳುವಾಗಲೇ ರ‍್ಯಾಮ್ ತುಂಬಿರುವುದನ್ನು ಹುಡುಕಿ. ಅಂಥ ಮೆಷಿನ್‌ನಲ್ಲಿ ನಿಜವಾದ ಬೆಲೆ ಇರುವುದು ಆ ಕಡ್ಡಿಗಳಿಗೆ.

ಇಸಿಸಿ ಅಂದರೆ ಏನು? ರ‍್ಯಾಮ್‌ನಲ್ಲಿ ಒಂದು ಬಿಟ್ ತಾನಾಗಿ ಬದಲಾದರೆ ಅದು ಅಲ್ಲೇ ಸರಿಮಾಡುತ್ತದೆ. ಎರಡು ಬಿಟ್ ಬದಲಾದರೆ ಸರಿಮಾಡಲು ಆಗುವುದಿಲ್ಲ, ಆದರೆ ಗೊತ್ತುಮಾಡುತ್ತದೆ. ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್‌ನಲ್ಲಿ ರಾಸ್‌ಡೀಮನ್ ಅನ್ನುವ ತಂತ್ರಾಂಶ ಹಾಕಿಕೊಂಡರೆ ಯಾವ ಸ್ಲಾಟಿನ ಕಡ್ಡಿಯಲ್ಲಿ ಎಷ್ಟು ಸಲ ತಪ್ಪು ಬಂತು ಅಂತ ದಾಖಲೆಯೇ ಸಿಗುತ್ತದೆ. ಒಂದೇ ಸ್ಲಾಟಿನಲ್ಲಿ ಸಂಖ್ಯೆ ಏರುತ್ತಾ ಹೋದರೆ ಆ ಕಡ್ಡಿ ತೆಗೆಯುವ ಹೊತ್ತು ಬಂತು ಅಂತ ಅರ್ಥ. ಸಾಮಾನ್ಯ ಕಂಪ್ಯೂಟರಿನಲ್ಲಿ ಹೀಗೆ ಹೇಳುವವರೇ ಇಲ್ಲ. ಫೈಲು ಸದ್ದಿಲ್ಲದೆ ಕೆಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು, ಈ ಚಿಪ್ಪಿಗೆ ರ‍್ಯಾಮ್‌ನ ನಾಲ್ಕು ಚಾನೆಲ್, ಅಂದರೆ ದತ್ತಾಂಶ ಓಡಾಡುವ ನಾಲ್ಕು ದಾರಿ, ಇದೆ. ಡಿಡಿಆರ್4-2400 ಜಾತಿಯ ಕಡ್ಡಿ ಹಾಕಿದರೆ ಸೆಕೆಂಡಿಗೆ 76.8 ಜಿಬಿ. ಆದರೆ ಅದು ಸಿಗಬೇಕಾದರೆ ನಾಲ್ಕು ಕಡ್ಡಿ ಹಾಕಬೇಕು. 32ರ ಎರಡು ಕಡ್ಡಿಗಿಂತ 16ರ ನಾಲ್ಕು ಕಡ್ಡಿ ಮೇಲು. ಕಾರ್ಡುಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಲೇನುಗಳು 40. ಗ್ರಾಫಿಕ್ಸ್ ಕಾರ್ಡು, ಎನ್‌ವಿಎಂಇ ಡಿಸ್ಕು, ವೇಗದ ನೆಟ್‌ವರ್ಕ್ ಕಾರ್ಡು, ಎಲ್ಲ ಒಟ್ಟಿಗೆ ಹಾಕಬಹುದು.

ಇಷ್ಟು ರ‍್ಯಾಮ್ ನಮ್ಮ ಊರಿನಲ್ಲಿ ಯಾರಿಗೆ ಬೇಕು? ಬೇಕು. ಅಡಿಕೆ ತೋಟದ ಡ್ರೋನ್ ಫೋಟೋ ಜೋಡಿಸಿ ನಕ್ಷೆ ಮಾಡುವವರಿದ್ದಾರೆ. ಅದಕ್ಕೆ ಓಪನ್‌ಡ್ರೋನ್‌ಮ್ಯಾಪ್ ಅಂತ ಉಚಿತ ತಂತ್ರಾಂಶ ಇದೆ. ಕೆಲವು ನೂರು ಫೋಟೋ ಒಟ್ಟಿಗೆ ಕೊಟ್ಟರೆ 16 ಜಿಬಿ ಸಾಲದೆ ಹೋಗಿ ಲಿನಕ್ಸ್ ಆ ಕೆಲಸವನ್ನೇ ಅರ್ಧದಲ್ಲಿ ನಿಲ್ಲಿಸಬಹುದು. ಪೊವ್ವಲ್‌ನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಇಲ್ಲೆಲ್ಲ ಓದುವ ಮಕ್ಕಳಿಗೆ ನಾಲ್ಕೈದು ವರ್ಚುವಲ್ ಮೆಷಿನ್ (ಒಂದೇ ಕಂಪ್ಯೂಟರಿನೊಳಗೆ ನಡೆಯುವ ಬೇರೆ ಬೇರೆ ಕಂಪ್ಯೂಟರು) ಒಟ್ಟಿಗೆ ಓಡಿಸಿ ಕಲಿಯಲು ಇದಕ್ಕಿಂತ ಅಗ್ಗದ ದಾರಿ ಕಾಣೆ.

ನನಗೆ ಎಲ್ಲಕ್ಕಿಂತ ಹತ್ತಿರದ ಕೆಲಸ ಹಳೆ ಪುಸ್ತಕದ್ದು. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಎಷ್ಟೋ ಮನೆಯ ಅಟ್ಟದಲ್ಲಿ ಯಕ್ಷಗಾನದ ಹಳೆ ಪ್ರಸಂಗ ಪುಸ್ತಕಗಳು ಗೆದ್ದಲಿಗೆ ಸಿಗುತ್ತಾ ಇವೆ. ಸ್ಕ್ಯಾನ್ ಮಾಡಿದರೆ ಸಾಲದು, ಹುಡುಕಲು ಆಗುವ ಅಕ್ಷರ ಆಗಬೇಕು. ಟೆಸರಾಕ್ಟ್ ಅನ್ನುವ ಉಚಿತ ಓಸಿಆರ್, ಅಂದರೆ ಚಿತ್ರದಿಂದ ಅಕ್ಷರ ಓದುವ, ತಂತ್ರಾಂಶ ಕನ್ನಡ ಓದುತ್ತದೆ. ಇಲ್ಲಿ ಮಾತ್ರ ಆ 14 ಕೋರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಸಂಬಂಧ ಇಲ್ಲ ಅಲ್ವಾ, 14 ಪುಟ ಒಟ್ಟಿಗೆ ಓದಿಸಬಹುದು. ಒಂದು ಕಿವಿಮಾತು: ಟೆಸರಾಕ್ಟ್ ಒಂದೇ ಪುಟಕ್ಕೂ ಹಲವು ಥ್ರೆಡ್ ಹಿಡಿದುಕೊಳ್ಳುತ್ತದೆ. ಓಎಂಪಿ ಥ್ರೆಡ್ ಲಿಮಿಟ್ (OMP_THREAD_LIMIT) ಅನ್ನುವ ಸೆಟ್ಟಿಂಗನ್ನು 1ಕ್ಕೆ ಇಳಿಸಿ, ಆಮೇಲೆ ಪುಟಗಳನ್ನು 14ರಂತೆ ಒಟ್ಟಿಗೆ ಬಿಡಿ. ಹಾಗೆ ಮಾಡದಿದ್ದರೆ ಥ್ರೆಡ್ಡುಗಳು ಒಂದನ್ನೊಂದು ತಡೆದು ಇಡೀ ಕೆಲಸ ನಿಧಾನ ಆಗುತ್ತದೆ.

ಈಗ ಕರೆಂಟು. ಬೇರೆ ಊರಿನವರ ವಿಡಿಯೋ ನೋಡಿ ನಾವು ಎಡವುವುದು ಇಲ್ಲೇ.

ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಮನೆ ಬಿಲ್ಲಿನ ಲೆಕ್ಕ ನಿಮಗೆ ಗೊತ್ತಿದೆ. ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬಿಲ್ಲು. ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಮೆಟ್ಟಿಲು ಲೆಕ್ಕ. ಮೊದಲ 50ಕ್ಕೆ ಒಂದು ದರ, ಮುಂದಿನ 50ಕ್ಕೆ ಸ್ವಲ್ಪ ಜಾಸ್ತಿ, ಹೀಗೆ. 250 ದಾಟಿತೋ, ಮೆಟ್ಟಿಲು ಹೋಯಿತು. ಆಗ ಮೊದಲ ಯೂನಿಟ್‌ಗೂ ಕೆಳಗಿನ ಮೆಟ್ಟಿಲಿನ ಅಗ್ಗದ ದರ ಸಿಗುವುದಿಲ್ಲ. ಎರಡು ತಿಂಗಳ ಬಿಲ್ಲಿನಲ್ಲಿ ಅದು 500 ಯೂನಿಟ್‌ನ ಗೆರೆ.

ಈಗ ಮೆಷಿನ್ ಲೆಕ್ಕ ಹಾಕಿ. ಒಂದು ಚಿಪ್ಪಿನ ವರ್ಕ್‌ಸ್ಟೇಷನ್ ಏನೂ ಕೆಲಸ ಮಾಡದೆ ಸುಮ್ನೆ ಆನ್ ಇದ್ದರೂ 70 ವಾಟ್ ಆಸುಪಾಸು ತಿನ್ನುತ್ತದೆ ಅಂತಿಟ್ಟುಕೊಳ್ಳಿ. ಹಗಲು ರಾತ್ರಿ ಇಟ್ಟರೆ 60 ದಿನಕ್ಕೆ 100 ಯೂನಿಟ್. ಡೇಟಾ ಸೆಂಟರ್‌ನ ಕಪಾಟಿನಲ್ಲಿ ಕೂರುವ, ಎರಡು ಚಿಪ್ಪಿನ ರ‍್ಯಾಕ್ ಸರ್ವರ್ ಆದರೆ 120 ವಾಟ್ ಹಿಡಿಯೋಣ, 173 ಯೂನಿಟ್. ನಿಮ್ಮ ಮನೆಯಲ್ಲಿ ಫ್ರಿಜ್ಜು, ಫ್ಯಾನು, ಪಂಪು, ಸೆಕೆಗಾಲದಲ್ಲಿ ಒಂದು ಎಸಿ ಸೇರಿ ಈಗಾಗಲೇ 420 ಯೂನಿಟ್ ಬರುತ್ತಿದೆ ಅಂತಾದರೆ, ಆ 100 ಸೇರಿ 520. ಬಿಲ್ಲು ಏರುವುದು ಆ 100 ಯೂನಿಟ್‌ಗೆ ಮಾತ್ರ ಅಲ್ಲ, 520ಕ್ಕೂ! ಎರಡು ಸಾವಿರದ ಚಿಪ್ಪಿನ ಲಾಭ ಎಲ್ಲಿಗೆ ಹೋಯಿತು? ಮಾಡಿಗೆ ಸೋಲಾರ್ ಹಾಕಿಸಿದವರ ಕಥೆ ಬೇರೆ. ಉಳಿದವರು ಕಳೆದ ವರ್ಷದ ಬಿಲ್ಲುಗಳನ್ನು ತೆಗೆದು ನೋಡಿ, ಅದರಲ್ಲೂ ಮಾರ್ಚ್‌ನಿಂದ ಮೇ ತನಕದ್ದು.

ಆದ್ದರಿಂದ ನನ್ನ ಮಾತು ಇದು: ಝಿಯಾನ್ ಕೆಲಸದ ಹೊತ್ತಿಗೆ ಆನ್, ಕೆಲಸ ಮುಗಿದರೆ ಆಫ್. ಫೋಟೋ ಬ್ಯಾಕಪ್, ಮನೆಯ ಕ್ಯಾಮೆರಾ, ಹಾಡು ಸಿನಿಮಾ, ಇಂಥ ಸದಾ ಇರಬೇಕಾದ ಕೆಲಸಕ್ಕೆ ಇಂಟೆಲ್ ಎನ್100 ಹಾಕಿದ ಸಣ್ಣ ಡಬ್ಬಿ ಸಾಕು. 6 ವಾಟ್‌ನ ಚಿಪ್ ಅದು. ಇಡೀ ಡಬ್ಬಿ 10 ವಾಟ್ ತಿಂದರೂ ಎರಡು ತಿಂಗಳಿಗೆ 14 ಯೂನಿಟ್. ಅದರಿಂದಲೇ ವೇಕ್ ಆನ್ ಲ್ಯಾನ್ ಮೂಲಕ ದೊಡ್ಡ ಮೆಷಿನ್ನನ್ನು ಬೇಕಾದಾಗ ಎಬ್ಬಿಸಬಹುದು.

ರ‍್ಯಾಕ್ ಸರ್ವರ್ ಮನೆಗೆ ತರಬೇಡಿ ಅಂತ ಕೈಮುಗಿದು ಹೇಳುತ್ತೇನೆ. 1ಯು ಅನ್ನುವ ತೆಳ್ಳನೆಯ ಪೆಟ್ಟಿಗೆಯ ಸಣ್ಣ ಫ್ಯಾನುಗಳ ಕಿರುಚಾಟ ಹಂಚಿನ ಮನೆಯಲ್ಲಿ ಎಲ್ಲ ಕೋಣೆಗೂ ಕೇಳುತ್ತದೆ. ಮನೆಯಲ್ಲಿ ಹಿರಿಯರು ಇದ್ದಾರೆ, ಓದುವ ಮಕ್ಕಳು ಇದ್ದಾರೆ.

ಈ ಚಿಪ್ಪಿಗೆ ಚೀನಾದಲ್ಲಿ ಮಾಡಿದ ಹೊಸ ಎಕ್ಸ್99 ಬೋರ್ಡು ಹೇಗೆ ಅಂತ ಕೇಳುತ್ತೀರಿ. ಆ ಹೆಸರಿನ ಎಷ್ಟೋ ಬೋರ್ಡುಗಳಲ್ಲಿ ಎಕ್ಸ್99 ಚಿಪ್‌ಸೆಟ್ (ಬೋರ್ಡನ್ನು ನಡೆಸುವ ಚಿಪ್) ಇರುವುದೇ ಇಲ್ಲ, ಬೇರೆ ಹಳೆ ಬೋರ್ಡಿನಿಂದ ಕಿತ್ತ ಚಿಪ್‌ಸೆಟ್ ಇರುತ್ತದೆ. ನಾನು ಹೇಳುವುದು ಕಂಪನಿಯ ಇಡೀ ವರ್ಕ್‌ಸ್ಟೇಷನ್: ಎಚ್‌ಪಿ ಝಡ್440, ಡೆಲ್ ಪ್ರಿಸಿಷನ್ 5810, ಲೆನೊವೊ ಪಿ510. ಸದ್ದು ಕಡಿಮೆ, ಗಾಳಿ ಓಡಾಟ ಚೆನ್ನಾಗಿದೆ. ಒಂದು ಕೊರತೆ ಉಂಟು. ಇವುಗಳ ಪವರ್ ಸಪ್ಲೈ ಸಾಮಾನ್ಯ ಅಳತೆಯದ್ದಲ್ಲ, ಸುಟ್ಟರೆ ಮಂಗಳೂರಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗಲಿಕ್ಕಿಲ್ಲ. ಎಎಂಡಿ ಕಂಪನಿಯ ಎಪಿಕ್ ಅನ್ನುವ ಸರ್ವರ್ ಚಿಪ್ ಕಡೆ ಕಣ್ಣಿಟ್ಟವರಿಗೆ ಒಂದೇ ಮಾತು. ಕೆಲವು ಕಂಪನಿಗಳ ಸರ್ವರಿನಿಂದ ಬಂದ ಎಪಿಕ್ ಚಿಪ್ ಆ ಕಂಪನಿಯ ಬೋರ್ಡಿಗೇ ಲಾಕ್ ಆಗಿರುತ್ತದೆ, ಬೇರೆಯದರಲ್ಲಿ ಬೂಟ್ ಆಗುವುದಿಲ್ಲ. ಕೇಳಿಯೇ ತಗೊಳ್ಳಿ.

ಕೈಯಲ್ಲಿ ಹಿಡಿದು ನೋಡುವಾಗ ಏನು ನೋಡಬೇಕು? ಚಿಪ್ಪಿನ ಮೇಲಿನ ಹಳೆ ಪೇಸ್ಟ್ ಒರೆಸಿ ಬರಹ ಓದಿ. 2680 ವಿ4 ಆದರೆ ಎಸ್‌ಆರ್2ಎನ್7 (SR2N7) ಅಂತ ಇರಬೇಕು. 'ಇಂಟೆಲ್ ಕಾನ್ಫಿಡೆನ್ಷಿಯಲ್' ಅಂತ ಇದ್ದರೆ ಅದು ಪರೀಕ್ಷೆಗೆ ಮಾಡಿದ ಮಾದರಿ, ಹಿಂದೆ ಕೊಡಿ. ಈ ಜಾತಿಯಲ್ಲಿ ಪಿನ್ನು ಇರುವುದು ಬೋರ್ಡಿನ ಸಾಕೆಟ್ಟಿನಲ್ಲಿ, 2011 ಪಿನ್. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎಲ್ಲ ಪಿನ್ನೂ ಒಂದೇ ಸಾಲಿನಲ್ಲಿ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕೆ ಬೇರೆ ದಿಕ್ಕಿಗೆ ಹೊಳೆದರೆ ಅಥವಾ ಕಪ್ಪಾಗಿದ್ದರೆ ಆ ಪಿನ್ ಬಗ್ಗಿದೆ. ಒಂದು ಪಿನ್ ಬಗ್ಗಿದರೆ ಒಂದು ರ‍್ಯಾಮ್ ಚಾನೆಲ್ಲೇ ಕಾಣದೆ ಹೋಗಬಹುದು. ಸ್ಕ್ರೂ ಸುತ್ತ, ರ‍್ಯಾಮ್ ಸ್ಲಾಟಿನ ಅಂಚಿನಲ್ಲಿ ಹಸಿರು ಕಿಲುಬು ಕಂಡರೆ ಅದು ಹಸಿ ಹಿಡಿದ ಮೆಷಿನ್. ನಮ್ಮ ಮಳೆಗಾಲಕ್ಕೆ ಅದು ತಡೆಯಲಿಕ್ಕಿಲ್ಲ. ಮನೆಗೆ ತಂದ ಮೇಲೆ ಒಂದು ರಾತ್ರಿ ಪೂರ್ತಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ಬಸ್ಸಿನಲ್ಲಿ ತರುವುದಾದರೆ ಭಾರದ ಹೀಟ್‌ಸಿಂಕ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಕಟ್ಟಿಸಿ. ನಮ್ಮ ರಸ್ತೆಯ ಕುಲುಕಾಟಕ್ಕೆ ಬೋರ್ಡು ಬಿರುಕು ಬಿಡಬಹುದು.

ತೆಂಗಿನ ಮಡಲು ಬಿದ್ದು ಲೈನು ತುಂಡಾಗುವ ಊರು ನಮ್ಮದು. ಯುಪಿಎಸ್ ಇಲ್ಲದೆ ಆಗದು. ಈ ಮೆಷಿನ್‌ಗಳ ಪವರ್ ಸಪ್ಲೈಯಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನುವ, ಕರೆಂಟು ಎಳೆಯುವುದನ್ನು ಸರಿದೂಗಿಸುವ ಸರ್ಕ್ಯೂಟ್ ಇರುತ್ತದೆ. ಅಗ್ಗದ ಚೌಕ ಅಲೆಯ ಇನ್ವರ್ಟರಿಗೆ ಕೊಟ್ಟರೆ ಕೆಲವು ಸಲ ಮೆಷಿನ್ ಒಮ್ಮೆಲೇ ಆಫ್ ಆಗುತ್ತದೆ. ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂಥ ನಯವಾದ ಅಲೆ, ಇರುವುದನ್ನೇ ತಗೊಳ್ಳಿ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವಾಟ್ ಅಷ್ಟೇ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಾಲದು. ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸನ್ನೂ ನಂಬಬೇಡಿ. ಮಳೆಗಾಲದ ಮುಂಚಿನ ಗುಡುಗಿಗೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗಿಗೂ ಪ್ಲಗ್ ಕೀಳಿ. ಜೊತೆಗೆ ನೆಟ್‌ವರ್ಕ್ ಕೇಬಲ್ಲೂ ಕೀಳಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಇನ್ನೂ ಅಗ್ಗ ಅಂತ ಇ5ರ ಮೊದಲ ಎರಡು ತಲೆಮಾರಿಗೆ ಇಳಿಯಬೇಡಿ. ಅವುಗಳಲ್ಲಿ ಎವಿಎಕ್ಸ್2 ಅನ್ನುವ ಲೆಕ್ಕದ ಸೂಚನೆಗಳ ಗುಂಪು ಇಲ್ಲ, ರೆಡ್ ಹ್ಯಾಟ್ ಲಿನಕ್ಸ್ 10 ಈಗಾಗಲೇ ಅವನ್ನು ಕೈಬಿಟ್ಟಿದೆ. ವಿ3, ವಿ4 ಆದರೆ ನಡೆಯುತ್ತದೆ. ವಿಂಡೋಸ್ 11ರ ಪಟ್ಟಿಯಲ್ಲಿ ವಿ4 ಕೂಡ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿಯಿತು. ಹಾಗಾಗಿ ಇದು ಲಿನಕ್ಸ್ ಮೆಷಿನ್. ಹೆದರಬೇಡಿ, ಈ ವಿಷಯದಲ್ಲಿ ನಾವು ಮುಂದಿದ್ದೇವೆ. ಕೇರಳದ ಸರಕಾರಿ ಶಾಲೆಗಳ ಲ್ಯಾಬಿನಲ್ಲಿ ಉಬುಂಟು ಆಧಾರದ ಲಿನಕ್ಸ್ ಎಷ್ಟೋ ವರ್ಷದಿಂದ ಇದೆ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳ ಕೈಯಲ್ಲಿ ಅದು ಆಗಲೇ ಪಳಗಿದೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಗೊತ್ತಿಲ್ಲದಿದ್ದರೆ ಎಂಟನೇ ಕ್ಲಾಸಿನ ಮಗಳನ್ನು ಕೂರಿಸಿ.

ತಗೊಳ್ಳುವ ಯೋಚನೆ ಇದ್ದರೆ ಮೆಷಿನ್‌ನ ಮಾಡೆಲ್, ಚಿಪ್ಪಿನ ಎಸ್‌ಆರ್ ನಂಬರ್, ಎಷ್ಟು ಕಡ್ಡಿ ರ‍್ಯಾಮ್ ಇದೆ, ನಿಮ್ಮ ಕಳೆದ ಬಿಲ್ಲು ಎಷ್ಟು ಯೂನಿಟ್, ಇಷ್ಟು ಬರೆದು ಕಳಿಸಿ. ಯಾವ ಕೆಲಸಕ್ಕೆ ಅಂತಲೂ ಒಂದು ಸಾಲು ಇರಲಿ. ನೋಡಿ ಹೇಳುತ್ತೇನೆ.