ಕಿವಿಯಿಂದ ಓದಿದ ಪುಸ್ತಕಗಳು

ಸಭೆಯಲ್ಲಿರುವ ಹಿರಿಯರಿಗೂ ಓದುಗ ಮಿತ್ರರಿಗೂ ನಮಸ್ಕಾರ.

ಚಳ್ಳಕೆರೆ ಸೀಮೆಯ ಹಳ್ಳಿಯೊಂದರಲ್ಲಿ ಬೆಳೆದು, ಈಗ ಈ ಚಿತ್ರದುರ್ಗದಲ್ಲಿ ನೆಲೆಸಿರುವ ಒಬ್ಬ ಓದುಗನಾಗಿ, ನನಗೆ ಮುಖ್ಯವೆನಿಸಿದ ಕೆಲವು ಪುಸ್ತಕಗಳ ಬಗ್ಗೆ ಮಾತನಾಡಲು ಬಂದಿದ್ದೇನೆ. ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಬಿತ್ತನೆಗೆ ಮುಂಚಿನ ದಿನಗಳಲ್ಲಿ, ರಾತ್ರಿ ಊಟವಾದ ಮೇಲೆ, ಮೊರವನ್ನು ಮುಂದಿಟ್ಟುಕೊಂಡು ಬೀಜದ ಶೇಂಗಾ ಸುಲಿಯಲು ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಬೇಕಿತ್ತು. ಕಥೆ ಸಪ್ಪೆಯಾಗಿದ್ದರೆ ಸಿಪ್ಪೆ ಒಡೆಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು; ಮನಸ್ಸನ್ನು ಹಿಡಿದರೆ ಆ ಸದ್ದು ನಿಂತುಬಿಡುತ್ತಿತ್ತು. ಪುಸ್ತಕವನ್ನು ಅಳೆಯುವುದಕ್ಕೆ ನನಗೆ ಅಂದಿನಿಂದ ಸಿಕ್ಕಿರುವ ಮಾನದಂಡ ಅದೊಂದೇ.

ದುರ್ಗದವರ ಮುಂದೆ ತ.ರಾ.ಸು. ಅವರಿಂದಲೇ ಆರಂಭಿಸಬೇಕು. ದುರ್ಗದ ಕೋಟೆಯ ಪತನದ ಕಥೆ ಹೇಳುವ ಅವರ ಕಾದಂಬರಿ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ತೀರಿಹೋಗಿದ್ದರು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತೆಂಬುದು ಇಲ್ಲಿ ಮಕ್ಕಳಿಗೂ ಗೊತ್ತು; ಆದರೂ ಓದುತ್ತಾ ಹೋದಂತೆ, ಈ ಸಲವಾದರೂ ಕೋಟೆ ಉಳಿದೀತೇನೋ ಎಂಬ ಆಸೆ ಹುಟ್ಟುತ್ತದೆ. ಅಂಥ ಆಸೆ ಹುಟ್ಟಿಸುವುದು ಸಣ್ಣ ಸಾಧನೆಯಲ್ಲ. ಅವ್ವನ ಕೈ ನಿಂತದ್ದು ಯುದ್ಧದ ಪುಟಗಳಲ್ಲಲ್ಲ, ಒಳಮನೆಯಲ್ಲಿ ಹೆಂಗಸರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವ ಕಡೆಗಳಲ್ಲಿ. ಹಾಗಿದ್ದರೂ ನನ್ನದೊಂದು ತಕರಾರಿದೆ: ನಾಯಕನಿಂದ ಹಿಡಿದು ಕಾವಲಿನವನವರೆಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ತಿದ್ದಿದ ಕನ್ನಡ ಆಡುತ್ತಾರೆ. ದುರ್ಗದ ಕಲ್ಲು, ಬತೇರಿ, ಹೊಂಡ ಎಲ್ಲವೂ ಅಲ್ಲಿವೆ. ದುರ್ಗದ ಮಾತು ಮಾತ್ರ ನನಗೆ ಅಷ್ಟಾಗಿ ಕೇಳಿಸಲಿಲ್ಲ.

ಆ ಮಾತು ನನಗೆ ಕೇಳಿಸಿದ್ದು ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ಯಲ್ಲಿ. ಮುಕುಂದೂರು ಸ್ವಾಮಿಗಳೆಂಬ ಸಾಧುವಿನ ಒಡನಾಟವನ್ನು ಹೇಳುವ ಈ ಸಣ್ಣ ಪುಸ್ತಕದಲ್ಲಿ ವೇದಾಂತವೆಲ್ಲ ಹೊಲ, ದನ, ಅಡುಗೆಮನೆಯ ಮಾತಿನಲ್ಲೇ ಬರುತ್ತದೆ. ಎರಡು ಪುಟ ಓದುವಷ್ಟರಲ್ಲಿ ಅವ್ವ, “ನಾವು ಮಾತಾಡೋದೂ ಪುಸ್ತಕದಾಗೆ ಬರೀತಾರೇನಪ್ಪಾ?” ಎಂದು ಕೇಳಿದ್ದಳು. ಪವಾಡದ ಪ್ರಸಂಗಗಳನ್ನು ನಾನು ಅವಳಷ್ಟು ಸುಲಭವಾಗಿ ನಂಬಲಾರೆ. ಆದರೆ ಶಾಸ್ತ್ರಿಗಳು ಆ ಮಾತನ್ನು ಎಲ್ಲಿಯೂ ತಿದ್ದಿ ನೆಟ್ಟಗೆ ಮಾಡಲು ಹೋಗಲಿಲ್ಲವಲ್ಲ, ಅದಕ್ಕಾಗಿ ಅವರಿಗೆ ಋಣಿಯಾಗಿದ್ದೇನೆ.

ದೇವನೂರ ಮಹಾದೇವ ಅವರ ಕಾದಂಬರಿ ‘ಕುಸುಮಬಾಲೆ’ಯನ್ನು ಎರಡು ಸಲ ಅರ್ಧಕ್ಕೇ ಮಡಚಿಟ್ಟಿದ್ದೆ. ನಂಜನಗೂಡು ಸೀಮೆಯ ಆ ಆಡುಮಾತು ನನ್ನ ಕಣ್ಣಿಗೆ ಎಡವುಗಲ್ಲಾಗಿತ್ತು. ಮೂರನೆಯ ಸಲ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಗಟ್ಟಿಯಾಗಿ ಓದಲು ತೊಡಗಿದೆ. ಕಣ್ಣು ಬಿಡಿಸಲಾರದ ಪದಗಳನ್ನು ಕಿವಿ ಬಿಡಿಸಿತು. ದೀಪದ ಜೋತಮ್ಮಗಳು ಸೇರಿ ಮಾತಾಡುವುದೂ, ಮಂಚ ತನ್ನ ಕಥೆ ಹೇಳುವುದೂ, ಆ ಮಾತಿನ ಲಯದೊಳಗೆ ಹೋದ ಮೇಲೆ ವಿಚಿತ್ರವೆನಿಸಲೇ ಇಲ್ಲ. ಜಾತಿಯ ಕ್ರೌರ್ಯವನ್ನು ಕೂಗದೆ, ಲಾಲಿ ಹಾಡುವ ದನಿಯಲ್ಲಿ ಹೇಳಿದ ಇಂಥ ಪುಸ್ತಕ ಕನ್ನಡದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಕೆಲವು ಪುಟಗಳು ಇಂದಿಗೂ ನನಗೆ ಪೂರ್ತಿ ತೆರೆದುಕೊಂಡಿಲ್ಲ, ಮತ್ತೆ ಓದುತ್ತೇನೆ.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬಗ್ಗೆ ಇಲ್ಲಿ ಒಂದೇ ಮಾತು. ಅವರು ಅದನ್ನು ಅರ್ಪಿಸಿದ್ದು ನಮ್ಮ ತಳುಕಿನ ವೆಂಕಣ್ಣಯ್ಯನವರಿಗೆ, ತಮ್ಮ ಗುರುಗಳಿಗೆ. ಆ ಅರ್ಪಣೆಯ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುವುದು ನನ್ನಿಂದ ಎಂದೂ ಆಗಿಲ್ಲ.

ನನ್ನ ಮಾನದಂಡಕ್ಕೆ ಸಿಗದ ಪುಸ್ತಕವೂ ಒಂದಿದೆ: ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಗಿಡಮರಗಳ ಬಗ್ಗೆ ಬರೆದ ‘ಹಸುರು ಹೊನ್ನು’. ಲ್ಯಾಟಿನ್ ಹೆಸರುಗಳು ಬಂದಲ್ಲೆಲ್ಲ ಅವ್ವನ ಶೇಂಗಾ ಸದ್ದು ಜೋರಾಗುತ್ತಿತ್ತು. ಅದು ಕಣ್ಣಿನ ಪುಸ್ತಕ. ಲೇಖಕರೇ ಬಿಡಿಸಿದ ಚಿತ್ರಗಳಲ್ಲಿ ಎಲೆಯ ನರಗಳೂ ಕಾಣುತ್ತವೆ. ಅದನ್ನು ಓದಿದ ಮೇಲೆ ಜೋಗಿಮಟ್ಟಿ ಬೆಟ್ಟಕ್ಕೆ ಹೋದಾಗ, ಅಲ್ಲಿಯವರೆಗೆ ಬರೀ ಪೊದೆಯೆಂದುಕೊಂಡಿದ್ದ ತಂಗಡಿಯ ಮುಂದೆ ನಿಂತು ಅದರ ಹಳದಿ ಹೂವಿನ ಎಸಳುಗಳನ್ನು ಮೊದಲ ಬಾರಿಗೆ ಎಣಿಸಿದೆ. ಐದಿದ್ದವು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಕಲಿಸಿದ ಮೇಷ್ಟರು, ಕಾಡಿಗೆ ಹೋಗದವನ ಕಣ್ಣನ್ನೂ ತೆರೆಸಿದ್ದರು.

ಕೊನೆಯದಾಗಿ, ಬಂಡೆಯ ಮೇಲಿನ ಓದು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಬ್ರಹ್ಮಗಿರಿಯ ಬಂಡೆ ಅವುಗಳಲ್ಲೊಂದು. ಆ ಶಾಸನ ಶುರುವಾಗುವುದೇ ಕಾಗದದಂತೆ: ಸುವರ್ಣಗಿರಿಯಿಂದ ಬರೆದವರು ಇಸಿಲವೆಂಬ ಊರಿನ ಮಹಾಮಾತ್ರರ, ಅಂದರೆ ಅಧಿಕಾರಿಗಳ, ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ರಾಜನ ಮಾತು ಬರುತ್ತದೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು. ಬರೆದವನ ಹೆಸರು ಚಪಡ; ‘ಲಿಪಿಕಾರ’ ಎಂಬ ಒಂದು ಪದವನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ.

ಇದರ ಕನ್ನಡ ಅರ್ಥವನ್ನು ಅವ್ವನಿಗೆ ಓದಿ ಹೇಳಿದಾಗ ಅವಳ ಕೈ ನಿಂತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದೋನ ಹೆಸರೈತೆ. ಅಲ್ಲಿ ಜನಕ್ಕೆ ಓದಿ ಹೇಳಿದೋನು ಯಾರು?” ಎಂದು ಕೇಳಿದಳು. ಬಂಡೆಯ ಮೇಲೆ ಆ ಹೆಸರಿಲ್ಲ.