ಮೊದಲು ನೆನೆಸಿ, ಆಮೇಲೆ ತಿಕ್ಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಚರ್ಮದ ವೈದ್ಯೆಯಾಗಿರುವ ನನ್ನ ಮೇಜಿನ ಮೇಲೆ ಈಗೀಗ ವಾರಕ್ಕೊಂದಾದರೂ ಹಸಿರು ಬಟ್ಟೆ ಬಂದು ಕೂರುತ್ತದೆ. ಕೈ ತೂರಿಸಿಕೊಳ್ಳುವಂಥ ಪುಟ್ಟ ಚೀಲ, ಮುಟ್ಟಿದರೆ ಸಣ್ಣ ಉಸುಕಿನ ಹಾಗೆ ತರಿತರಿ. "ಡಾಕ್ಟ್ರಮ್ಮಾ, ಕೊರಿಯಾದ್ದಂತೆ. ಮೈ ತಿಕ್ಕಿಕೊಳ್ಳೋಕೆ ಮಗಳು ಫೋನಲ್ಲೇ ತರಿಸಿದಾಳೆ. ಬಳಸಬಹುದಾ?" ಅಂತ ಕೇಳುತ್ತಾರೆ. ಧಾರಾಳವಾಗಿ ಬಳಸಿ. ನಾನೂ ಬಳಸುತ್ತೇನೆ. ಆದರೆ ಮೊದಲು ನೆನೆಸಿ, ಆಮೇಲೆ ತಿಕ್ಕಿ. ನೆನೆಸಬೇಕಾದ್ದು ಬಟ್ಟೆಯನ್ನಷ್ಟೇ ಅಲ್ಲ, ಮೈಯನ್ನು.

ಕೊರಿಯಾದವರು ಇದನ್ನು ಇಟಲಿ ಟವೆಲ್ ಅನ್ನುತ್ತಾರೆ. 1960ರ ದಶಕದಲ್ಲಿ ಬೂಸಾನ್ ಊರಿನಲ್ಲಿ ಹುಟ್ಟಿದ್ದು. ಆ ವಿಸ್ಕೋಸ್ ರೇಯಾನ್ ಬಟ್ಟೆ ಇಟಲಿಯಿಂದ ಬಂದಿತ್ತು, ಹಾಗಾಗಿ ಆ ಹೆಸರು. ಅಲ್ಲಿಯ ಸ್ನಾನದ ಮನೆಗಳಲ್ಲಿ ಜನ ಬಿಸಿನೀರಿನ ತೊಟ್ಟಿಯಲ್ಲಿ ಸಾವಕಾಶ ಕೂತು, ನೆನೆದು, ಎದ್ದ ಮೇಲೆಯೇ ತಿಕ್ಕಿಸಿಕೊಳ್ಳುವುದು. ಆಗ ಮೈಮೇಲಿಂದ ಬೂದು ಬಣ್ಣದ ಎಳೆಗಳು, ಹೊಸೆದ ಶಾವಿಗೆಯ ತುಣುಕಿನ ಹಾಗೆ, ಉರುಳಿ ಬರುತ್ತವೆ. ಅದನ್ನು ಕೊಳೆ ಅಂತ ತಿಳಿಯಬೇಡಿ. ಬಹುಪಾಲು ಸತ್ತ ಚರ್ಮ ಅದು. ಅಡಿಯಲ್ಲಿ ಹುಟ್ಟಿದ ಚರ್ಮದ ಕಣ ಮೇಲೆ ಬಂದು ಉದುರಲು ಸುಮಾರು 28 ದಿನ ಹಿಡಿಯುತ್ತದೆ. ಉದುರುವ ಹೊತ್ತು ಬಂದದ್ದನ್ನು ಮಾತ್ರ ನಾವು ತೆಗೆಯಬೇಕು. ನೆನೆದ ಚರ್ಮ ನೀರು ಕುಡಿದು ಸಡಿಲಾಗುತ್ತದೆ, ಹಗುರ ಕೈಗೇ ಬಿಟ್ಟುಕೊಡುತ್ತದೆ. ಒಣಚರ್ಮ ಬಿಡುವುದಿಲ್ಲ. ನೀವು ಬಲ ಹಾಕುತ್ತೀರಿ, ಮೈ ಗೀರಿಹೋಗುತ್ತದೆ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಅಕ್ಕ ಬಂದಿದ್ದರು. ಕುಪ್ಪಸದ ಅಂಚು ಸರಿಸಿ ಕೊರಳ ಎಲುಬು ತೋರಿಸಿದರು. ಅದರ ಗುಂಟ ಕಪ್ಪು ಪಟ್ಟೆ, ಹಳ್ಳದ ಉಸುಕಿನ ಮೇಲೆ ನೀರು ಹರಿದ ಗೆರೆಗಳಿರುತ್ತವಲ್ಲ, ಹಾಗೆ. ಬೆನ್ನ ಮೇಲೆ, ಮುಂಗಾಲಿನ ಎಲುಬಿನ ಮೇಲೆ ಕೂಡ ಹಾಗೇ. "ಭಟ್ಟಿ ಮಸಿ ಒಳಗಿಳಿದುಬಿಟ್ಟಿದೆ, ಎಷ್ಟು ತಿಕ್ಕಿದರೂ ಹೋಗವಲ್ಲದು" ಅಂದರು. ದಿನಕ್ಕೆ ಎಷ್ಟು ಸಲ ತಿಕ್ಕುತ್ತೀರಿ? ಎರಡು ಸಲ. ಮೊದಲು ನೈಲಾನ್ ಜಾಲರಿಯಲ್ಲಿ, ಈಗ ಮಗ ತಂದುಕೊಟ್ಟ ಈ ಬಟ್ಟೆಯಲ್ಲಿ. ಹೇಗೆ ತಿಕ್ಕುತ್ತೀರಿ, ಮಾಡಿ ತೋರಿಸಿ ಅಂದೆ. ತಳ ಹಿಡಿದ ಪಾತ್ರೆ ಬೆಳಗುವ ಹಾಗೆ ತೋಳೆಲ್ಲ ಬಿಗಿದು ತೋರಿಸಿದರು. ನನ್ನ ಕರುಳು ಚುರ್ ಅಂದಿತು. ಅದು ಮಸಿಯಲ್ಲ ರೀ! ತಿಕ್ಕಿ ತಿಕ್ಕಿಯೇ ಬಂದ ಕಪ್ಪು. ಎಲುಬಿನ ಮೇಲಿನ ಚರ್ಮ ಪದೇಪದೇ ಉಜ್ಜಿಸಿಕೊಂಡರೆ ತಾನೇ ಕಪ್ಪಾಗುತ್ತದೆ. ಕಪ್ಪಾಯಿತೆಂದು ಮತ್ತೆ ತಿಕ್ಕುತ್ತೇವೆ, ಅದು ಇನ್ನೂ ಕಪ್ಪಾಗುತ್ತದೆ. ನಾನು ಕೊಟ್ಟ ದೊಡ್ಡ ಔಷಧಿ ಒಂದೇ: ತಿಕ್ಕುವುದು ಬಿಡಿ, ದಿನಾ ಕೊಬ್ಬರಿ ಎಣ್ಣೆ ಸವರಿ. ಅವರಿಗೆ ನಂಬಿಕೆ ಬರಲಿಲ್ಲ. ಆದರೂ ಬಿಟ್ಟರು. ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಬಂದಾಗ ಗೆರೆಗಳು ಮಾಸಿದ್ದವು. ಪೂರ್ತಿ ಹೋಗಿರಲಿಲ್ಲ, ಆದರೆ ಕುಪ್ಪಸದ ಅಂಚು ಎಳೆದೆಳೆದು ಮುಚ್ಚಿಕೊಳ್ಳುವುದನ್ನು ಬಿಟ್ಟಿದ್ದರು. ಈ ಬಟ್ಟೆಯಿಂದ ಬೆಳ್ಳಗಾಗುತ್ತೀರಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ನಮ್ಮ ಬಚ್ಚಲಲ್ಲಿ ತೊಟ್ಟಿ ಎಲ್ಲಿದೆ ಅನ್ನುತ್ತೀರಿ. ಬೇಡ, ಬಕೆಟ್ ಸಾಕು. ಉಗುರುಬೆಚ್ಚಗಿಂತ ಚೂರು ಬಿಸಿ ನೀರನ್ನು ತಂಬಿಗೆಯಲ್ಲಿ ನಿಧಾನ ಹೊಯ್ದುಕೊಳ್ಳಿ. ಒಂದು ಹಳೇ ಟವೆಲ್ ಅದ್ದಿ ಕಾಲಿನ ಮೇಲೆ, ಬೆನ್ನಿನ ಮೇಲೆ ಹೊದ್ದು ಕೂರಿ, ಆರಿದರೆ ಮತ್ತೆ ನೀರು ಹಾಕಿ. ಹದಿನೈದು ನಿಮಿಷ. ಬೆರಳ ತುದಿ ಸುಕ್ಕಾಯಿತೋ, ಮೈ ನೆನೆದಿದೆ. ಈಗ ಬಟ್ಟೆ ಅದ್ದಿ ಹಿಂಡಿ ಕೈಗೆ ಹಾಕಿಕೊಳ್ಳಿ. ಸೋಪು ಹಚ್ಚಬೇಡಿ, ಎಣ್ಣೆಯೂ ಬೇಡ, ಬಟ್ಟೆ ಜಾರುತ್ತದೆ. ಹಬ್ಬದ ಎಣ್ಣೆಸ್ನಾನದ ದಿನ ಸೀಗೆಪುಡಿಯೇ ಇರಲಿ, ಇದನ್ನು ಗೂಟಕ್ಕೆ ನೇತುಹಾಕಿಬಿಡಿ. ಉಳಿದ ದಿನ, ಕೈಗೆ ಹಾಕಿಕೊಂಡ ಬಟ್ಟೆಯನ್ನು ಮೈಮೇಲೆ ಉದ್ದಕ್ಕೆ, ಹಗುರವಾಗಿ ಎಳೆಯಿರಿ. ಎಳೆ ಬರಲಿಲ್ಲವೇ? ಒತ್ತಬೇಡಿ, ಇನ್ನೈದು ನಿಮಿಷ ನೆನೆಯಿರಿ. ಉರಿದರೆ ಅಲ್ಲಿಗೇ ಬಿಟ್ಟುಬಿಡಿ. ಸೋಪು ಹಾಕುವುದಿದ್ದರೆ ಆಮೇಲೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ವಾರಕ್ಕೆ ಒಂದೇ ಸಲ, ಮೈ ಒಣಗಿರುವವರು ಹದಿನೈದು ದಿನಕ್ಕೊಮ್ಮೆ. ಮುಖಕ್ಕೆ ಬೇಡವೇ ಬೇಡ. ಗಾಯ, ಕಜ್ಜಿ, ಇಸುಬು ಇದ್ದಲ್ಲಿ ಬೇಡ. ಎಳೆಮಕ್ಕಳಿಗೆ ಬೇಡ. ಸಕ್ಕರೆ ಕಾಯಿಲೆಯವರೇ, ಪಾದಕ್ಕೆ ಬೇಡ, ಅಲ್ಲಿ ಗೀರಿದ್ದು ನಿಮಗೆ ಗೊತ್ತೇ ಆಗದಿರಬಹುದು. ಮೈ ಒರೆಸಿಕೊಂಡ ಕೂಡಲೇ, ಇನ್ನೂ ಪಸೆ ಇರುವಾಗಲೇ, ಕೊಬ್ಬರಿ ಎಣ್ಣೆಯೋ ಕ್ರೀಮೋ ಸವರಿ.

ಬಟ್ಟೆಯನ್ನು ಬಚ್ಚಲ ಮೂಲೆಯಲ್ಲಿ ಮುದ್ದೆ ಮಾಡಿ ಬಿಡಬೇಡಿ. ತೊಳೆದು, ಒಳಮಗ್ಗಲು ತಿರುವಿ, ಬಿಸಿಲಿಗೆ ಹಾಕಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಬಟ್ಟೆ, ನಾಲ್ಕು ಬಣ್ಣ, ಯಾರದ್ದು ಯಾವುದು ಅಂತ ಗೊತ್ತಿರಲಿ. ನಾಳೆ ಭಾನುವಾರ, ಬಿಡುವಿದ್ದರೆ ಬಕೆಟ್ಟಿನ ಪಕ್ಕ ಒಂದು ಮಣೆ ಹಾಕಿಕೊಂಡು ಕೂತು ನೋಡಿ. ನಮಸ್ಕಾರ.